ವಾಷಿಂಗ್ಟನ್‌ನ ವಿಯೆಟ್ನಾಂ ಗೋಡೆ: ಕಲ್ಲು ನಿಜವಾಗಿ ಬೆಂಗಳೂರು ಕಡೆಯದೇ? ಹೆಸರು ಹುಡುಕುವುದು ಹೇಗೆ?

ಸುಮಾ_ಆರ್:
ವಿಯೆಟ್ನಾಂ ಯುದ್ಧ ಸ್ಮಾರಕದ ಕಪ್ಪು ಕಲ್ಲು ನಮ್ಮ ಬೆಂಗಳೂರು ಕಡೆಯಿಂದ ಹೋಗಿದ್ದು ಅಂತ ಓದಿದೆ. ಹೌದಾ? ಅಷ್ಟು ದೂರದಿಂದ ಯಾಕೆ ತರಿಸಿದರು? ಸತ್ತ, ನಾಪತ್ತೆಯಾದ ಅಮೆರಿಕನ್ ಯೋಧರ ಹೆಸರುಗಳು ಅಕಾರಾದಿಯಲ್ಲಿಲ್ಲ, ಹುದ್ದೆಯ ಪ್ರಕಾರವೂ ಇಲ್ಲ. ಹುಡುಕುವುದು ಹೇಗೆ? ಯುದ್ಧದ ಸರಿತಪ್ಪಿನ ಬಗ್ಗೆ ಬೀದಿಯಲ್ಲಿ ಕಿತ್ತಾಡಿದ ದೇಶ ಒಂದೇ ಗೋಡೆಗೆ ಒಪ್ಪಿದ್ದಾದರೂ ಹೇಗೆ?

ಶಿಲಾಸಕ್ತ:
ಹೌದು, ಬೆಂಗಳೂರು ಕಡೆಯ ಕಲ್ಲೇ. ವ್ಯಾಪಾರದಲ್ಲಿ ಕಪ್ಪು ಗ್ರಾನೈಟ್ ಅಂತಾರೆ. ಭೂವಿಜ್ಞಾನದ ಲೆಕ್ಕದಲ್ಲಿ ಇಂಥ ಕಲ್ಲು ಡಾಲರೈಟ್, ಗ್ಯಾಬ್ರೊ ಎಂಬ ಕಪ್ಪು ಅಗ್ನಿಶಿಲೆಗಳ ಗುಂಪಿನದು. ಕಣ ಸಣ್ಣ, ಬಿಳಿ ಗೆರೆ ಕಡಿಮೆ, ಹಾಗಾಗಿ ಕನ್ನಡಿಯಂಥ ಪಾಲಿಶ್ ಬರುತ್ತದೆ. ವಿನ್ಯಾಸಕ್ಕೆ ಬೇಕಿದ್ದೂ ಅದೇ: ಓದುವವರ ಮುಖ ಹೆಸರುಗಳ ನಡುವೆ ಕಾಣಬೇಕು. ಕೆನಡಾ, ಸ್ವೀಡನ್‌ಗಳ ಕಲ್ಲೂ ಇತ್ತು. ಆದರೆ ಕಡ್ಡಾಯ ಸೇನಾ ಭರ್ತಿ ತಪ್ಪಿಸಿಕೊಂಡವರು ಆಶ್ರಯ ಪಡೆದ ದೇಶಗಳವು ಅಂತ ಅವನ್ನು ಕೈಬಿಟ್ಟರು. ಆ ಒಡಕು ಕಲ್ಲು ಆರಿಸುವ ತನಕ ಬಂದಿತ್ತು ನೋಡಿ.

ಕೊಯ್ದು ಪಾಲಿಶ್ ಮಾಡಿದ್ದು ವರ್ಮಾಂಟ್‌ನ ಬ್ಯಾರಿಯಲ್ಲಿ, ಅಕ್ಷರ ಕೊರೆದಿದ್ದು ಮೆಂಫಿಸ್‌ನಲ್ಲಿ. ಸುಮಾರು 58,000 ಹೆಸರುಗಳನ್ನು ಉಳಿಯಿಂದ ಕೊರೆಯುತ್ತ ಕೂತರೆ ಮುಗಿಯುವ ಕೆಲಸವಲ್ಲ. ಅದಕ್ಕೆ ಕಲ್ಲಿನ ಹಲಗೆಯ ಮೇಲೆ ಬೆಳಕಿಗೆ ಗಟ್ಟಿಯಾಗುವ ಲೇಪ ಬಳಿದು, ಹೆಸರುಗಳ ಫಿಲ್ಮ್ ಇಟ್ಟು ಬೆಳಕು ಹಾಯಿಸಿ ತೊಳೆದರು. ಅಕ್ಷರದ ಜಾಗ ಮಾತ್ರ ತೆರೆದುಕೊಳ್ಳುತ್ತದೆ. ಅಲ್ಲಿಗೆ ಜೋರಾಗಿ ಮರಳಿನಂಥ ಪುಡಿ ಊದಿದರೆ ಪಾಲಿಶ್ ಹೋಗಿ ಬೂದು ಬಣ್ಣ ಬರುತ್ತದೆ. ಅಕ್ಷರದ ಎತ್ತರ 1.35 ಸೆಂ.ಮೀ., ಆಳ ಅರ್ಧ ಮಿ.ಮೀ.ಗಿಂತ ಕಡಿಮೆ. ಬಣ್ಣ ತುಂಬಿಲ್ಲ.

ಪುಟ_ತಿರುವಿ:
ಹುಡುಕುವ ಕ್ರಮ: ಹೆಸರುಗಳಿರುವುದು ಸಾವಿಗೀಡಾದ ಇಲ್ಲವೇ ನಾಪತ್ತೆಯಾದ ದಿನಾಂಕದ ಪ್ರಕಾರ, ಒಂದೇ ದಿನದವು ಅಕಾರಾದಿಯಲ್ಲಿ. ಸ್ಮಾರಕ V ಆಕಾರದ್ದು, ಅದರ ಎರಡು ಗೋಡೆ ಕೂಡುವ ಮೂಲೆಯಿಂದ 1959 ಶುರು. ಪೂರ್ವದ ತುದಿವರೆಗೆ ಹೋಗಿ (1968ರ ಮೇ), ಮತ್ತೆ ಪಶ್ಚಿಮದ ತುದಿಯಿಂದ ಮುಂದುವರಿದು ಅದೇ ಮೂಲೆಗೆ ಬಂದು 1975ಕ್ಕೆ ನಿಲ್ಲುತ್ತದೆ. ಅಲ್ಲಿಟ್ಟಿರುವ ಪುಸ್ತಕದಲ್ಲಿ ಹಲಗೆ ಸಂಖ್ಯೆ, ದಿಕ್ಕು, ಸಾಲಿನ ಸಂಖ್ಯೆ ಸಿಗುತ್ತದೆ. 10 ಸಾಲಿಗೊಂದು ಚುಕ್ಕೆ ಇರುತ್ತದೆ, ಮೇಲಿನಿಂದ ಎಣಿಸಿ. ವಜ್ರಾಕೃತಿ ಇದ್ದರೆ ಸಾವು ಖಚಿತ, ಶಿಲುಬೆ ಗುರುತಿದ್ದರೆ ನಾಪತ್ತೆ. ಅವಶೇಷ ಸಿಕ್ಕಮೇಲೆ ಶಿಲುಬೆಯ ಮೇಲೇ ವಜ್ರ ಕೊರೆಯುತ್ತಾರೆ. ಜನ ಎಡವುವುದು ಆಮೇಲೆ ಸೇರಿಸಿದ ಹೆಸರುಗಳಲ್ಲಿ: ಸರಿಯಾದ ದಿನಾಂಕದ ಬಳಿ ಜಾಗವಿಲ್ಲದಿದ್ದರೆ ಬೇರೆಲ್ಲೋ ಸಾಲಿನ ಕೊನೆಗೆ ಹೋಗಿರುತ್ತವೆ. ಅದಕ್ಕೇ ದಿನಾಂಕ ನಂಬಿ ಹುಡುಕಬೇಡಿ.

ಒಪ್ಪಿಗೆ ಸುಲಭಕ್ಕೆ ಬರಲಿಲ್ಲ. ವಿನ್ಯಾಸ ಸ್ಪರ್ಧೆಯ ಷರತ್ತಿನಲ್ಲೇ ಎಲ್ಲ ಹೆಸರೂ ಇರಬೇಕು, ಯುದ್ಧದ ಪರ ವಿರೋಧ ಹೇಳಬಾರದು ಅಂತಿತ್ತು. 1,421 ವಿನ್ಯಾಸಗಳಲ್ಲಿ ಗೆದ್ದಿದ್ದು 21 ವರ್ಷದ ವಿದ್ಯಾರ್ಥಿನಿ ಮಾಯಾ ಲಿನ್ ಅವರದು. ಕಪ್ಪು ಬಣ್ಣ, ನೆಲದೊಳಗೆ ಇಳಿದ ಗೋಡೆ, ಇದು ಅವಮಾನ ಅಂತ ಗಲಾಟೆಯಾಯಿತು. ಧ್ವಜಸ್ತಂಭ, ಮೂವರು ಯೋಧರ ಪ್ರತಿಮೆ ಸೇರಿಸುವ ರಾಜಿಯಾದ ಮೇಲೇ ಕೆಲಸಕ್ಕೆ ಅನುಮತಿ ಸಿಕ್ಕಿದ್ದು. ಗೋಡೆ ತೆರೆದಿದ್ದು 1982ರಲ್ಲಿ, ಪ್ರತಿಮೆ ಬಂದಿದ್ದು 1984ರಲ್ಲಿ. ಪ್ರತಿಮೆಯನ್ನು ಮೂಲೆಯ ಎದುರಿಗೆ ಇಡದೆ ದೂರ ನಿಲ್ಲಿಸಿದ್ದು ದೊಡ್ಡ ಪುಣ್ಯ. ಇಲ್ಲದಿದ್ದರೆ ಗೋಡೆ ಬರೀ ಹಿನ್ನೆಲೆಯಾಗುತ್ತಿತ್ತು.

ಗಡಿಯಾಚೆ:
ಗೋಡೆಯಲ್ಲಿ ಇಲ್ಲದ್ದನ್ನೂ ಹೇಳಬೇಕು. ವಿಯೆಟ್ನಾಂ ಸರ್ಕಾರದ 1995ರ ಅಂದಾಜಿನಲ್ಲಿ ಸತ್ತ ನಾಗರಿಕರೇ 20 ಲಕ್ಷ, ಹೋರಾಟಗಾರರು 11 ಲಕ್ಷ. ಈ ಗೋಡೆಯ ಒಟ್ಟು ಉದ್ದ ಸುಮಾರು 150 ಮೀಟರ್. ಅದೇ ಅಕ್ಷರದಲ್ಲಿ ಅವರನ್ನೂ ಬರೆದರೆ 8 ಕಿ.ಮೀ. ಬೇಕು. ಪಕ್ಕದ ದೇಶ ಲಾವೋಸ್ ಮೇಲೆ 1964ರಿಂದ 1973ರವರೆಗೆ 20 ಲಕ್ಷ ಟನ್‌ಗೂ ಹೆಚ್ಚು ಅಮೆರಿಕದ ಬಾಂಬ್ ಬಿತ್ತು. ಗಾಳಿಯಲ್ಲೇ ಒಡೆದು ಸಣ್ಣ ಗುಂಡುಗಳನ್ನು ಚೆದುರಿಸುವ ಕ್ಲಸ್ಟರ್ ಬಾಂಬಿನ ಮರಿಗುಂಡುಗಳಲ್ಲಿ ಶೇ. 30ರವರೆಗೆ ಸಿಡಿಯಲಿಲ್ಲ ಅನ್ನುವ ಅಂದಾಜಿದೆ. ಟೆನಿಸ್ ಚೆಂಡಿನಷ್ಟಿರುವ ಅವನ್ನು ಮಕ್ಕಳು ಆಟಿಕೆ ಅಂತ ಎತ್ತಿಕೊಳ್ಳುತ್ತಾರೆ. ಗುದ್ದಲಿ ತಾಗಿದರೂ, ಮೇಲೆ ಒಲೆ ಹೂಡಿದರೂ ಸಿಡಿಯುತ್ತವೆ. ಕಾಡಿನ ಎಲೆ ಉದುರಿಸಲು ಅಮೆರಿಕ ಸಿಂಪಡಿಸಿದ ಏಜೆಂಟ್ ಆರೆಂಜ್ ಎಂಬ ಕಳೆನಾಶಕದಲ್ಲಿದ್ದ ವಿಷ ಡಯಾಕ್ಸಿನ್ ನೀರಲ್ಲಿ ಕರಗದೆ ಮಣ್ಣಿಗೆ ಅಂಟಿ, ಕೆರೆಯ ಕೆಸರಿಂದ ಮೀನಿನ ಕೊಬ್ಬಿಗೆ ಸೇರುತ್ತದೆ. ವಿಯೆಟ್ನಾಂನ ಡಾ ನಾಂಗ್ ವಿಮಾನ ನಿಲ್ದಾಣದಲ್ಲಿ ಆ ಮಣ್ಣನ್ನು ದೊಡ್ಡ ಕಾಂಕ್ರೀಟ್ ಪೆಟ್ಟಿಗೆಗೆ ತುಂಬಿ 335 ಡಿಗ್ರಿಗೆ ಕಾಯಿಸಿ ಶುದ್ಧ ಮಾಡಿದರು. 2012ರಲ್ಲಿ ಶುರುವಾದ ಕೆಲಸ 2018ಕ್ಕೆ ಮುಗಿಯಿತು. ಅಲ್ಲಿನ ಇನ್ನೊಂದು ವಾಯುನೆಲೆ ಬಿಯೆನ್ ಹೋವಾದಲ್ಲಿ ಇಂಥ ಮಣ್ಣು ಅದರ ಹಲವು ಪಟ್ಟು ಇದೆ.

ಪುಟ_ತಿರುವಿ:
ಒಪ್ಪುತ್ತೇನೆ. ಅಮೆರಿಕದ ಯೋಧರಲ್ಲೂ ಏಜೆಂಟ್ ಆರೆಂಜ್‌ನಿಂದ ಕ್ಯಾನ್ಸರ್ ಬಂದು ಸತ್ತವರು, ಊರಿಗೆ ಮರಳಿ ಆತ್ಮಹತ್ಯೆ ಮಾಡಿಕೊಂಡವರು ಗೋಡೆಗೆ ಅರ್ಹರಲ್ಲ. ಯುದ್ಧವಲಯದಲ್ಲಿ ಸತ್ತಿರಬೇಕು, ಇಲ್ಲವೇ ಅಲ್ಲಾದ ಗಾಯದಿಂದ ಸತ್ತಿರಬೇಕು. ಹೀಗೆ ಹೊರಗುಳಿದವರಿಗಾಗಿ 2004ರಲ್ಲಿ ಪಕ್ಕದಲ್ಲೊಂದು ಫಲಕ ಹಾಕಿದರು, ಅದರಲ್ಲಿ ಯಾರ ಹೆಸರೂ ಇಲ್ಲ. ಹೆಸರು ಸೇರುವುದು ಬೇರೊಂದು ಗೌರವ ಪಟ್ಟಿಗೆ, ಅದಕ್ಕೆ ಮನೆಯವರು ಅರ್ಜಿ ಹಾಕಬೇಕು.