ಹಾಂಗ್‌ಕಾಂಗ್ 20 ವರ್ಷವೋ, ಟೋಕಿಯೊ ಡಿಸ್ನಿಸೀ 25 ವರ್ಷವೋ? ಹೋಗಿ ಬಂದವರು ಹೇಳಿ

ಕೋಣನಕುಂಟೆ ಕ್ರಾಸ್
2026ರ ಏಪ್ರಿಲ್-ಮೇ ರಜೆಗೆ ಎರಡರಲ್ಲಿ ಒಂದೇ ಸಾಧ್ಯ. ಹಾಂಗ್‌ಕಾಂಗ್ ಡಿಸ್ನಿಲ್ಯಾಂಡ್‌ನ 20ನೇ ವರ್ಷದ ಹಬ್ಬ 2025ರ ಜೂನ್ 28ಕ್ಕೆ ಶುರುವಾಗಿದೆ. ಟೋಕಿಯೊ ಡಿಸ್ನಿಸೀ 25ನೇ ವರ್ಷದ್ದು 2026ರ ಏಪ್ರಿಲ್ 15ರಿಂದ. ಮಗನಿಗೆ 9, ಮಗಳಿಗೆ 4, ಅವಳ ಎತ್ತರ 101 ಸೆಂ.ಮೀ. ಅತ್ತೆಗೆ 67, ಮಂಡಿ ನೋವು, ಈರುಳ್ಳಿ-ಬೆಳ್ಳುಳ್ಳಿ ಮುಟ್ಟಲ್ಲ. ಡಿಸ್ನಿಯ ಯಾವುದಾದರೂ ವಾರ್ಷಿಕೋತ್ಸವಕ್ಕೆ ಹೋಗಿ ಬಂದವರು ದಯವಿಟ್ಟು ಹೇಳಿ, ಅಲಂಕಾರ ನೋಡೋಕೆ ಇಷ್ಟು ದುಡ್ಡು ಸುರಿಯೋದು ವರ್ತಾ?

ಸನ್ನಿ ಬೇ
ಹಾಂಗ್‌ಕಾಂಗ್. ಎರಡನೇ ಮಾತೇ ಇಲ್ಲ. ವೀಸಾ ರಗಳೆ ಇಲ್ಲ, ಪ್ರೀ-ಅರೈವಲ್ ರಿಜಿಸ್ಟ್ರೇಷನ್ ಸಾಕು. ಆನ್‌ಲೈನ್, ಫ್ರೀ, ಫಲಿತಾಂಶ ಅಲ್ಲೇ ಗೊತ್ತಾಗುತ್ತೆ, 6 ತಿಂಗಳು ಚಾಲ್ತಿ, ಸಲಕ್ಕೆ 14 ದಿನ. ಆದ್ರೆ ಇದು ಬರೀ ಫಾರಂ ಅಂದ್ಕೊಂಡು ವಿಮಾನದ ಟಿಕೆಟ್ ಆದ ಮೇಲೆ ತುಂಬಿಸೋಕೆ ಕೂತರೆ ಕೆಟ್ಟಿರಿ. ಮೊದಲು ಇದು, ಆಮೇಲೆ ಟಿಕೆಟ್. ನಮ್ಮ ಕಡೆ ಪಾಸ್‌ಪೋರ್ಟ್‌ಗಳಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತೆ, ಗಂಡಂದು ಇನಿಶಿಯಲ್ ಬಿಡಿಸಿ ಬರೆದಿರುತ್ತೆ, ಹೆಂಡತಿದು ಬಿಡಿಸಿರಲ್ಲ. ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಅಕ್ಷರಕ್ಕೆ ಅಕ್ಷರ ಹಾಗೇ ಹಾಕಿ. ಸಿಗಲಿಲ್ಲ ಅಂದ್ರೆ ಮಾಮೂಲಿ ವೀಸಾ ಅರ್ಜಿ, ಅದಕ್ಕೆ ಸುಮಾರು ನಾಲ್ಕು ವಾರ. ಮಕ್ಕಳಿಗೂ ಬೇರೆ ಬೇರೆ ಸ್ಲಿಪ್ ಬೇಕು, ಬಿಳಿ ಎ4 ಹಾಳೆಲಿ ಪ್ರಿಂಟ್ ತೆಗೆದು ಸಹಿ ಹಾಕಿಸಿ ಇಟ್ಕೊಳ್ಳಿ.

ಪಾರ್ಕ್ ಪಕ್ಕದ ಹೋಟೆಲ್ ಆದ್ರೆ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಹತ್ತಬೇಡಿ. ಅದು ಪಟ್ಟಣದ ಕಡೆ ಎಳ್ಕೊಂಡು ಹೋಗುತ್ತೆ, ಲಗೇಜ್ ಹೊತ್ತು ವಾಪಸ್ ಬರಬೇಕು. ಎಸ್1 ಬಸ್ಸಲ್ಲಿ ತುಂಗ್ ಚುಂಗ್, ಅಲ್ಲಿಂದ ಮೆಟ್ರೋದಲ್ಲಿ ಸನ್ನಿ ಬೇ, ಅಲ್ಲಿ ಡಿಸ್ನಿಲ್ಯಾಂಡ್ ಲೈನ್‌ಗೆ ಬದಲಾಯಿಸಿ. ಕಿಟಕಿಗಳೇ ಮಿಕ್ಕಿ ತಲೆ ಆಕಾರದಲ್ಲಿರೋ ರೈಲು, ಮಕ್ಕಳಿಗೆ ಹಬ್ಬ ಅಲ್ಲೇ ಶುರು.

ಇನ್ನು ಕಾರ್ಡ್. ಹೆಚ್ಚಿನ ಕ್ರೆಡಿಟ್ ಕಾರ್ಡ್‌ಗಳಲ್ಲಿ ಫಾರೆಕ್ಸ್ ಮಾರ್ಕಪ್ (ವಿದೇಶಿ ಹಣದಲ್ಲಿ ಕೊಟ್ಟರೆ ಬೀಳೋ ಶುಲ್ಕ) 3.5%, ಆ ಮಾರ್ಕಪ್ ಮೇಲೆ 18% ಜಿಎಸ್‌ಟಿ. ಒಂದು ಲಕ್ಷ ಉಜ್ಜಿದರೆ 3,500 ಪ್ಲಸ್ 630, ಅಂದ್ರೆ 4,130 ರೂಪಾಯಿ ಗಾಳಿಗೆ. ಅದರ ಮೇಲೆ ಅಂಗಡಿ ಮೆಷಿನ್ ‘ರೂಪಾಯಿಲಿ ಕೊಡ್ತೀರಾ’ ಅಂತ ಕೇಳುತ್ತೆ. ಹೂಂ ಅಂದ್ರೆ ಅವರದೇ ಕೆಟ್ಟ ದರ ಬೀಳುತ್ತೆ. ಯಾವಾಗಲೂ ಹಾಂಗ್‌ಕಾಂಗ್ ಡಾಲರ್ ಒತ್ತಿ.

ಕುಕ್ಕಿ ಆ್ಯನ್ ಅಭಿಮಾನಿ
ಎಲ್ಲ ಸರಿ, ಹಬ್ಬದ ವಿಷಯ ಎಲ್ಲಿ? ಈ ಸಲ ಹಗಲಿನ ಪೆರೇಡ್ ಹೊಸದು, ರಾತ್ರಿ ಕೋಟೆ ಮೇಲಿನ ಷೋಗೂ ಹೊಸ ಭಾಗ ಸೇರಿಸಿದ್ದಾರೆ. ಕೋಟೆ 2020ರಲ್ಲೇ ಬದಲಾಗಿದ್ದು, ವರ್ಲ್ಡ್ ಆಫ್ ಫ್ರೋಜನ್ 2023ರ ನವೆಂಬರ್ 20ಕ್ಕೆ ತೆರೆದದ್ದು. ಅವೆರಡೂ ಹಬ್ಬ ಮುಗಿದ ಮೇಲೂ ಅಲ್ಲೇ ಇರ್ತವೆ. ಹೋಗೋದು ಬ್ಯಾನರ್‌ಗಳು ಮತ್ತು ‘20’ ಅಂತ ಬರೆದಿರೋ ಸಾಮಾನು. ಅದು ನಿಮಗೆ ಬೇಡ ಅಂದ್ರೆ ವಾರ್ಷಿಕೋತ್ಸವ ಅಂತ ಓಡೋ ಅಗತ್ಯವೇ ಇಲ್ಲ.

ಬೇಕು ಅಂದ್ರೆ ಕ್ರಮ ಹೀಗಿರಲಿ: ಗೇಟ್ ತೆಗೆದ ಕೂಡಲೇ ಅಂಗಡಿ, ಆಮೇಲೆ ರೈಡ್. ಮಧ್ಯಾಹ್ನದ ಹೊತ್ತಿಗೆ ಪಿನ್, ಕಿವಿ ಹೇರ್‌ಬ್ಯಾಂಡ್, ಡಫಿ ಅನ್ನೋ ಡಿಸ್ನಿ ಕರಡಿಯ ಗುಂಪಿನ ಗೊಂಬೆಗಳಲ್ಲಿ ಒಳ್ಳೆ ಬಣ್ಣ ಖಾಲಿ. ಕೆಲವಕ್ಕೆ ತಲೆಗಿಷ್ಟು ಅಂತ ಮಿತಿ ಇರುತ್ತೆ. ಪೆರೇಡ್‌ಗೆ ಕೋಟೆ ಮುಂದೆ ನಿಲ್ಲಬೇಡಿ, ಮೇನ್ ಸ್ಟ್ರೀಟ್‌ನ ಟೌನ್ ಸ್ಕ್ವೇರ್ ತುದಿ ಸಡಿಲ ಇರುತ್ತೆ. ರಾತ್ರಿ ಷೋ ಮುಗಿದ ತಕ್ಷಣ ಆ ರಸ್ತೆ ಕಡಲೆಕಾಯಿ ಪರಿಷೆಯ ಬುಲ್ ಟೆಂಪಲ್ ರೋಡು. ಅರ್ಧ ಗಂಟೆ ಒಳಗಿನ ಅಂಗಡಿಯಲ್ಲಿ ಕಳೆದು ಹೊರಡಿ.

ಮೈಹಾಮಾ ಮಂಜ
ಹಾಂಗ್‌ಕಾಂಗ್ ಪಾರ್ಕ್ ಚಿಕ್ಕದು ಸ್ವಾಮಿ. ಅಷ್ಟು ದೂರ ಹೋಗಿ ಚಿಕ್ಕದಕ್ಕೆ ಯಾಕೆ? ಟೋಕಿಯೊ ಡಿಸ್ನಿಲ್ಯಾಂಡ್ 40ನೇ ವರ್ಷದ ಹಬ್ಬ 2023ರ ಏಪ್ರಿಲ್ 15ರಿಂದ 2024ರ ಮಾರ್ಚ್ 31ರವರೆಗೆ ನಡೀತಲ್ಲ, ಅದನ್ನ ನೋಡಿದವರು ಹಾಂಗ್‌ಕಾಂಗ್ ಹೆಸರು ಎತ್ತಲ್ಲ. ಬೆಂಗಳೂರಿಂದ ನರಿಟಾಗೆ ನೇರ ವಿಮಾನ ಇದೆ. ಕಷ್ಟ ಇರೋದು ಪಾರ್ಕ್ ಟಿಕೆಟ್‌ನಲ್ಲಿ. ಎರಡು ತಿಂಗಳು ಮುಂಚೆ ಜಪಾನ್ ಮಧ್ಯಾಹ್ನ 2ಕ್ಕೆ ಮಾರಾಟ ಶುರು, ನಮಗೆ ಬೆಳಗ್ಗೆ 10:30. ದೊಡ್ಡವರಿಗೆ ದಿನ ನೋಡ್ಕೊಂಡು 7,900ರಿಂದ 10,900 ಯೆನ್, 4ರಿಂದ 11 ವರ್ಷದವರಿಗೆ 4,700ರಿಂದ 5,600. ನಮ್ಮ ಕಾರ್ಡ್‌ಗಳು ಓಟಿಪಿ ಹಂತದಲ್ಲಿ ಬೀಳೋದು ಮಾಮೂಲು. ಅಂತರರಾಷ್ಟ್ರೀಯ ಆನ್‌ಲೈನ್ ವಹಿವಾಟು ಮೊದಲೇ ಆನ್ ಮಾಡಿ, ಮಿತಿ ಏರಿಸಿ, ಇನ್ನೊಂದು ಬ್ಯಾಂಕಿನ ಕಾರ್ಡ್ ಪಕ್ಕದಲ್ಲಿ ಇರಲಿ. ಅದೂ ಆಗದಿದ್ರೆ ಕ್ಲೂಕ್‌ನಂಥ ಟಿಕೆಟ್ ಮಾರೋ ಸೈಟ್‌ನಲ್ಲಿ ತಗೊಳ್ಳಿ.

ವೀಸಾ ಈಗ ಇ-ವೀಸಾ. ಅದರ ಗಂಟಲಮುಳ್ಳು ಇಲ್ಲಿದೆ: ವಿಮಾನ ನಿಲ್ದಾಣದಲ್ಲಿ ವೀಸಾ ಸಿಕ್ಕಿದೆ ಅನ್ನೋ ನೋಟಿಸನ್ನ ಇಂಟರ್ನೆಟ್ ಇರೋ ಫೋನಲ್ಲಿ ಲೈವ್ ಆಗಿ ತೆರೆದು ತೋರಿಸಬೇಕು. ಪ್ರಿಂಟ್, ಪಿಡಿಎಫ್, ಸ್ಕ್ರೀನ್‌ಶಾಟ್ ನಡೆಯಲ್ಲ. ಇಳಿದ ಮೇಲೂ ತೋರಿಸಬೇಕು, ಆದ್ದರಿಂದ ಇ-ಸಿಮ್ ಇಲ್ಲೇ ಹಾಕಿಸಿ.

ಟೋಕಿಯೊ ಸ್ಟೇಷನ್‌ನಲ್ಲಿ ಪಾರ್ಕ್ ಕಡೆ ಹೋಗೋ ಕೇಯೊ ಲೈನ್ ಪ್ಲಾಟ್‌ಫಾರಂ ಬಹಳ ದೂರ, ನಡೆದೂ ನಡೆದೂ ಸಾಕಾಗುತ್ತೆ. ರೈಲು ಹತ್ತಿದ ಮೇಲೆ ಪಾರ್ಕ್ ಪಕ್ಕದ ಸ್ಟೇಷನ್ ಮೈಹಾಮಾಗೆ ಕಾಲು ಗಂಟೆ. ಪಾರ್ಕ್ ಒಳಗೆ ಎಲ್ಲಾ ಆ್ಯಪ್: ಒಳಗೆ ಹೋದ ಮೇಲೆ ಮೊದಲು ಪ್ರೀಮಿಯರ್ ಆಕ್ಸೆಸ್ (ದುಡ್ಡು ಕೊಟ್ಟು ಕ್ಯೂ ತಪ್ಪಿಸೋದು), ಅದರ ಹಿಂದೆಯೇ ಷೋಗಳ ಎಂಟ್ರಿ ರಿಕ್ವೆಸ್ಟ್. ರಿಕ್ವೆಸ್ಟ್ ಲಾಟರಿ, ಒಂದು ಷೋಗೆ ದಿನಕ್ಕೆ ಒಂದೇ ಸಲ. ಎಲ್ಲರ ಟಿಕೆಟ್ ಒಂದೇ ಫೋನ್‌ಗೆ ಸೇರಿಸಿ ಒತ್ತಿ, ಇಲ್ಲದಿದ್ರೆ ಅಪ್ಪನಿಗೆ ಸೀಟು, ಮಗನಿಗೆ ಇಲ್ಲ. ನೆಲದ ಮೇಲೆ ಶೀಟ್ ಹಾಸಿ ಜಾಗ ಹಿಡಿಯೋಕೆ ಪೆರೇಡ್‌ಗೆ ಒಂದು ಗಂಟೆ ಮುಂಚಿನಿಂದ ಮಾತ್ರ ಬಿಡ್ತಾರೆ. ಡಿಸ್ನಿಸೀ ಕಡಲ ಪಕ್ಕದಲ್ಲೇ ಇದೆ, ಗಾಳಿ ಜೋರಾದ್ರೆ ರಾತ್ರಿ ಷೋ ರದ್ದು, ಪಾರ್ಕ್ ಟಿಕೆಟ್ ದುಡ್ಡು ವಾಪಸ್ ಇಲ್ಲ.

ಸನ್ನಿ ಬೇ
ನೀವೇ ಹೇಳಿದ ಪಟ್ಟಿ ನೀವೇ ಒಂದು ಸಲ ಓದಿ. ಬೆಳಗ್ಗೆ 10:30ಕ್ಕೆ ಕಾರ್ಡ್ ಹಿಡ್ಕೊಂಡು ಕೂತ್ಕೋ, ಲಾಟರಿ ಒತ್ತು, ಶೀಟ್ ಹಾಸು. ಅದು ರಜೆನಾ, ಸಿಇಟಿ ಕೌನ್ಸೆಲಿಂಗಾ?

ಮೈಹಾಮಾ ಮಂಜ
ಕಷ್ಟಪಟ್ಟು ಪ್ಲಾನ್ ಮಾಡೋಕೆ ಬರದವರು ಚಿಕ್ಕ ಪಾರ್ಕಿಗೆ ಹೋಗ್ತಾರೆ. ಅದರಲ್ಲಿ ತಪ್ಪೇನಿಲ್ಲ.

ಬಿಡದಿ ಬಾಯ್
2005ರಲ್ಲಿ ಹಾಂಗ್‌ಕಾಂಗ್ ಡಿಸ್ನಿಲ್ಯಾಂಡೂ ತೆರೀತು, ಬಿಡದಿ ವಂಡರ್‌ಲಾನೂ ತೆರೀತು. ಅದಕ್ಕೂ 20 ತುಂಬಿತು, ಇದಕ್ಕೂ 20 ತುಂಬಿತು. ಲಕ್ಷಗಟ್ಟಲೆ ಉಳಿಸಿ. ಪರ್ಪಲ್ ಲೈನಲ್ಲಿ ಚಲ್ಲಘಟ್ಟ ತನಕ ಹೋಗಿ, ಅಲ್ಲಿಂದ ಬಸ್ಸೋ ಕ್ಯಾಬೋ. ವಾರದ ಮಧ್ಯೆ ಹೋಗಿ. ನೀರಿನ ರೈಡ್‌ಗೆ ಕಾಟನ್ ಬಿಡಲ್ಲ, ನೈಲಾನ್ ಅಥವಾ ಲೈಕ್ರಾ ಬಟ್ಟೆ ಮನೆಯಿಂದಲೇ ಒಯ್ಯಿರಿ. ಬೆಳಗ್ಗೆ ಒಣ ರೈಡ್, ಮಧ್ಯಾಹ್ನದ ಮೇಲೆ ನೀರು. ಉಲ್ಟಾ ಮಾಡಿದ್ರೆ ಒದ್ದೆ ಬಟ್ಟೆಲಿ ರೋಲರ್ ಕೋಸ್ಟರ್ ಕ್ಯೂ.

ಕುಕ್ಕಿ ಆ್ಯನ್ ಅಭಿಮಾನಿ
ಅವರು ಕೇಳಿದ್ದು ಬಿಡದಿನಾ? ನಾಲ್ಕು ವರ್ಷದ ಮಗು ಅಲ್ಲಿ ದೊಡ್ಡ ರೈಡ್ ಒಂದನ್ನೂ ಹತ್ತಲ್ಲ.

ಬಿಡದಿ ಬಾಯ್
ಅಲ್ಲಿ ಮಾತ್ರ ಹತ್ತುತ್ತಾ? ಗೊಂಬೆಗೆ ಸಾವಿರಾರು ರೂಪಾಯಿ ಕೊಡೋರಿಗೆ ನಮ್ಮೂರಿಂದು ಕಣ್ಣಿಗೆ ಬೀಳಲ್ಲ.

ಮಲ್ಲೇಶ್ವರ 18ನೇ ಅಡ್ಡರಸ್ತೆ
ಗೊಂಬೆ ವಿಷಯ ಬಂತಲ್ಲ, ಹೇಳಿಯೇ ಬಿಡ್ತೀನಿ. ಮಿತಿ ಇರೋ ಸಾಮಾನನ್ನ ಮನೆಮಂದಿಯ ಟಿಕೆಟ್ ಎಲ್ಲಾ ಬಳಸಿ ಬಾಚಿ, ಇಲ್ಲಿ ವಾಟ್ಸ್ಯಾಪ್ ಗುಂಪಲ್ಲಿ ಮೂರು ಪಟ್ಟು ಬೆಲೆಗೆ ಮಾರೋರು ಈ ಚರ್ಚೆಯಲ್ಲೇ ಇದ್ದಾರೆ. ಮಗು ಕೈಗೆ ಗೊಂಬೆ ಸಿಗದೇ ಇರೋಕೆ ಇವರೇ ಕಾರಣ.

ಕುಕ್ಕಿ ಆ್ಯನ್ ಅಭಿಮಾನಿ
ಹೆಸರು ಹಾಕಿ ಮಾತಾಡಿ. ತಂದುಕೊಡಿ ಅಂತ ಗುಂಪಲ್ಲಿ ಗೋಗರೆಯೋರು ನೀವೇ, ತಂದರೆ ಬ್ಲ್ಯಾಕ್ ಅನ್ನೋರೂ ನೀವೇ. ಕಾರ್ಡ್ ಮಾರ್ಕಪ್ ಯಾರು ಕಟ್ಟೋದು? ಸೂಟ್‌ಕೇಸ್ ಜಾಗ ಯಾರದು? ಪಾರ್ಕ್‌ನಲ್ಲಿ ಮಾರೋ ಗೊಂಬೆ ಆಕಾರದ ಒಂದು ಪಾಪ್‌ಕಾರ್ನ್ ಬಕೆಟ್ ತೂಕ ಏನೂ ಇಲ್ಲ, ಜಾಗ ಮಾತ್ರ ಅರ್ಧ ಕ್ಯಾಬಿನ್ ಬ್ಯಾಗ್. ಮುಚ್ಚಳದ ಕೀಲು ಮತ್ತು ಹೆಗಲಿನ ಪಟ್ಟಿ ಸಿಕ್ಕಿಸೋ ಕಿವಿ, ಮುರಿಯೋದು ಇವೆರಡೇ. ಪಟ್ಟಿ ಬಿಚ್ಚಿ ಒಳಗಿಡಿ, ಒಳಗೆ ಸಾಕ್ಸ್ ಗಟ್ಟಿಯಾಗಿ ತುಂಬಿ, ಮುಚ್ಚಳದ ಮೇಲೆ ಟೇಪ್ ಬೇಡ, ಬಣ್ಣ ಕಿತ್ತು ಬರುತ್ತೆ, ಟವೆಲ್ ಸುತ್ತಿ. ಇಷ್ಟು ಮಾಡಿ ತರೋಕೆ ಬೆಲೆ ಇಲ್ವಾ?

ಮಲ್ಲೇಶ್ವರ 18ನೇ ಅಡ್ಡರಸ್ತೆ
ಬೆಲೆ ಇದೆ. ಮೂರು ಪಟ್ಟು ಇಲ್ಲ.

ಪ್ಯಾಕೇಜ್ ಪರವಾಗಿ
ಎಲ್ಲರೂ ಸ್ವಂತ ಬುಕಿಂಗ್ ಅಂತ ಮೆರೀತಾ ಇದ್ದೀರಿ. ವಯಸ್ಸಾದವರು, ಚಿಕ್ಕ ಮಕ್ಕಳು ಇರೋ ಮನೆಗೆ ಪ್ಯಾಕೇಜೇ ನೆಮ್ಮದಿ. ಆದ್ರೆ ಕೊಟೇಷನ್ ಓದೋಕೆ ಬರಬೇಕು. ‘ಪಾರ್ಕ್ ಟಿಕೆಟ್ ಸೇರಿದೆ’ ಅಂದ್ರೆ ಯಾವ ದಿನಾಂಕಕ್ಕೆ ಅಂತ ಬರೆಸಿಕೊಳ್ಳಿ. ಎರಡೂ ಕಡೆ ದಿನದ ಮೇಲೆ ದರ ಬದಲಾಗುತ್ತೆ, ಅಗ್ಗದ ದಿನದ ಲೆಕ್ಕ ತೋರಿಸಿ ಆಮೇಲೆ ವ್ಯತ್ಯಾಸ ಕೇಳ್ತಾರೆ. ಜಯನಗರದ ಒಬ್ಬ ಏಜೆಂಟ್ ಇದನ್ನೇ ಮಾಡಿ ಕೊನೇ ವಾರದಲ್ಲಿ ಬಿಲ್ ಉಬ್ಬಿಸಿದ್ದ, ಹೆಸರು ಬೇಡ.

ಮತ್ತೆ ಟಿಸಿಎಸ್, ಅಂದ್ರೆ ಮಾರೋರೇ ಮುಂಗಡವಾಗಿ ಹಿಡಿಯೋ ಆದಾಯ ತೆರಿಗೆ. ವಿಮಾನ, ಹೋಟೆಲ್, ಉಳಿದ ಖರ್ಚು ಈ ಮೂರರಲ್ಲಿ ಎರಡು ಒಂದೇ ಕಡೆ ಕೊಂಡರೆ ಅದು ವಿದೇಶ ಟೂರ್ ಪ್ಯಾಕೇಜ್, ಟಿಸಿಎಸ್ ಬೀಳುತ್ತೆ. ಬರೀ ಟಿಕೆಟ್ ಅಥವಾ ಬರೀ ಹೋಟೆಲ್ ಆದ್ರೆ ಬೀಳಲ್ಲ. ರಿಟರ್ನ್ಸ್ ಹಾಕಿದಾಗ ವಾಪಸ್ ಬರೋ ದುಡ್ಡೇ ಅದು, ಆದ್ರೆ ಯಾರ ಪ್ಯಾನ್ ಕೊಟ್ಟಿದ್ದೀರೋ ಅವರ ತೆರಿಗೆ ಲೆಕ್ಕಕ್ಕೆ ಹೋಗುತ್ತೆ. ರಿಟರ್ನ್ಸ್ ಹಾಕದ ಅತ್ತೆಯ ಪ್ಯಾನ್ ಕೊಟ್ಟರೆ ಆ ದುಡ್ಡಿಗೋಸ್ಕರ ಅವರ ಹೆಸರಲ್ಲಿ ರಿಟರ್ನ್ಸ್ ಹಾಕಬೇಕಾಗುತ್ತೆ.

ಸನ್ನಿ ಬೇ
ನೆಮ್ಮದಿ ಅಂತ ಶುರು ಮಾಡಿ ಮೋಸದ ಪಟ್ಟಿ ಕೊಟ್ಟು ಮುಗಿಸಿದ್ರಿ.

ಪ್ಯಾಕೇಜ್ ಪರವಾಗಿ
ನಿಮ್ಮ ಎಸ್1 ಬಸ್ಸಲ್ಲಿ ಎರಡು ದೊಡ್ಡ ಸೂಟ್‌ಕೇಸ್, ಒಂದು ಸ್ಟ್ರಾಲರ್, ಮಂಡಿ ನೋವಿನ ಅಜ್ಜಿ ಹತ್ತಿಸಿ ತೋರಿಸಿ, ಆಮೇಲೆ ಮಾತಾಡೋಣ.

ಹುರಿಹಿಟ್ಟು
ಊಟದ ಬಗ್ಗೆ ಒಬ್ಬರೂ ಬಾಯಿ ಬಿಡ್ತಿಲ್ಲ. ಜಪಾನಲ್ಲಿ ತರಕಾರಿ ಸೂಪ್ ಅಂದ್ರೂ ತಳದಲ್ಲಿ ದಾಶಿ ಅನ್ನೋ ಮೀನಿನ ಸಾರು. ರೆಡಿಮೇಡ್ ಕರಿ ರೂನಲ್ಲಿ (ಕರಿ ಮಾಡೋ ಗಟ್ಟಿ ಮಸಾಲೆ) ಹೆಚ್ಚಾಗಿ ಪ್ರಾಣಿ ಕೊಬ್ಬು, ಆದ್ದರಿಂದ ‘ಮಾಂಸದ ತುಂಡು ತೆಗೆದು ಕೊಡಿ’ ಅಂತ ಕೇಳಿ ತಿಂದರೂ ಪ್ರಯೋಜನ ಇಲ್ಲ. ಹಾಂಗ್‌ಕಾಂಗ್ ಪಾರ್ಕ್‌ನಲ್ಲಿ ಮಿಸ್ಟಿಕ್ ಪಾಯಿಂಟ್‌ನ ಎಕ್ಸ್‌ಪ್ಲೋರರ್ಸ್ ಕ್ಲಬ್ ಕಡೆ ಭಾರತೀಯ ಊಟ ಸಿಗುತ್ತೆ, ಪಟ್ಟಣದಲ್ಲಿ ಭಾರತೀಯ ಹೋಟೆಲ್‌ಗಳಿರೋ ಚುಂಗ್‌ಕಿಂಗ್ ಮ್ಯಾನ್ಷನ್ಸ್ ಕಟ್ಟಡ ಇದೆ. ಆದ್ರೆ ಈರುಳ್ಳಿ-ಬೆಳ್ಳುಳ್ಳಿ ಇಲ್ಲದ್ದು ಎಲ್ಲೂ ಅಷ್ಟು ಸುಲಭಕ್ಕೆ ಸಿಗಲ್ಲ. ಬಿಸಿನೀರು ಸಾಕಾಗೋ ಪದಾರ್ಥ ಒಯ್ಯಿರಿ: ಗೊಜ್ಜವಲಕ್ಕಿ ಪುಡಿ ಬೆರೆಸಿದ ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ. ಅಂಗಡಿ ನಿಪ್ಪಟ್ಟು, ಖಾರ ಕೊಂಡರೆ ಪ್ಯಾಕೆಟ್ ಹಿಂದೆ ಓದಿ, ಬೆಳ್ಳುಳ್ಳಿ ಪುಡಿ ಇರುತ್ತೆ. ಜಪಾನಿಗೆ ಹಸಿ ಕರಿಬೇವು, ನಿಂಬೆಹಣ್ಣು, ಹಣ್ಣು-ತರಕಾರಿ ಒಯ್ಯಬೇಡಿ, ಸಸ್ಯ ಪ್ರಮಾಣಪತ್ರ ಇಲ್ಲದೇ ಬಿಡಲ್ಲ.

ಮೈಹಾಮಾ ಮಂಜ
ಅಲ್ಲಿಗೆ ಹೋಗಿ ಹುರಿಹಿಟ್ಟು ತಿನ್ನೋಕೆ ಯಾಕೆ ಹೋಗಬೇಕು?

ಹುರಿಹಿಟ್ಟು
ತಿನ್ನೋರು ಅವರು. ನಿಮ್ಮನ್ನ ಯಾರು ಕರೆದ್ರು?

ಕೋಣನಕುಂಟೆ ಕ್ರಾಸ್
ಎಲ್ಲರಿಗೂ ಥ್ಯಾಂಕ್ಸ್. ಮಗಳ ಎತ್ತರದ ಬಗ್ಗೆ ಯಾರಾದ್ರೂ? ಮತ್ತೆ ಯಾವ ವಾರ?

ಅಳತೆ ಟೇಪ್
101 ಬಹಳ ಕೆಟ್ಟ ಸಂಖ್ಯೆ, ಎರಡೂ ಕಡೆ ಗೆರೆ 102ರಲ್ಲಿದೆ. ಡಿಸ್ನಿಸೀಲಿ ಸೋರಿನ್, ಟವರ್ ಆಫ್ ಟೆರರ್, ಪೀಟರ್ ಪ್ಯಾನ್ ಮೂರಕ್ಕೂ 102. ಇಂಡಿಯಾನಾ ಜೋನ್ಸ್, ಭೂಗರ್ಭದ ರೈಡ್, ರೇಜಿಂಗ್ ಸ್ಪಿರಿಟ್ಸ್ 117. ಹಾಂಗ್‌ಕಾಂಗ್‌ನಲ್ಲಿ ಹೈಪರ್‌ಸ್ಪೇಸ್ ಮೌಂಟನ್, ಐರನ್ ಮ್ಯಾನ್ 102, ಗ್ರಿಜ್ಲಿ 112, ಆರ್‌ಸಿ ರೇಸರ್ 120. ಆದ್ರೆ ಅಲ್ಲಿನ ಫ್ರೋಜನ್ ಜಾರುಬಂಡಿ ಕೋಸ್ಟರ್‌ಗೆ 95 ಸಾಕು, ದೋಣಿ ರೈಡ್‌ಗೂ ಮಿಸ್ಟಿಕ್ ಮ್ಯಾನರ್‌ಗೂ ಮಿತಿಯೇ ಇಲ್ಲ. ಮಗಳ ಲೆಕ್ಕದಲ್ಲಿ ಹಾಂಗ್‌ಕಾಂಗ್ ಮುಂದಿದೆ. ದಪ್ಪ ಅಟ್ಟೆ ಶೂ ಹಾಕಿಸಿ ದಾಟಿಸೋ ಉಪಾಯ ಬೇಡ, ರೈಡ್‌ನ ಸುರಕ್ಷತಾ ಸರಳು ಸರಿಯಾಗಿ ಕೂರದೇ ಹೋದ್ರೆ ಕಷ್ಟ ಮಗುವಿಗೆ. ಅತ್ತೆಗೆ ಗಾಲಿಕುರ್ಚಿ ಎರಡೂ ಪಾರ್ಕ್‌ನಲ್ಲಿ ಬಾಡಿಗೆಗೆ ಸಿಗುತ್ತೆ, ಬೆಳಗ್ಗೆಯೇ ತಗೊಳ್ಳಿ. ಹಾಂಗ್‌ಕಾಂಗಲ್ಲಿ ಅವರ ವಯಸ್ಸಿನವರಿಗೆ ಟಿಕೆಟ್ ದರವೂ ಬೇರೆ.

ವಾರ: ಏಪ್ರಿಲ್ 29ರಿಂದ ಮೇ 6 ಎರಡೂ ಊರು ಬಿಟ್ಟುಬಿಡಿ. ಜಪಾನಲ್ಲಿ ಗೋಲ್ಡನ್ ವೀಕ್ ಅನ್ನೋ ಸಾಲು ರಜೆ, 2026ರಲ್ಲಿ ಮೇ 3 ಭಾನುವಾರ ಬೀಳೋದ್ರಿಂದ ಮೇ 6ಕ್ಕೂ ಬದಲಿ ರಜೆ. ಚೀನಾದಲ್ಲಿ ಮೇ 1ರ ರಜೆ, ಆ ಜನ ಎಲ್ಲಾ ಹಾಂಗ್‌ಕಾಂಗ್‌ಗೆ. ಏಪ್ರಿಲ್ 20ರ ವಾರದ ಮಂಗಳ, ಬುಧ ನೋಡಿ. ಮೇ ಎರಡನೇ ವಾರದ ಮೇಲೆ ಹಾಂಗ್‌ಕಾಂಗಲ್ಲಿ ಮಳೆ ಹೆಚ್ಚು: ಗಂಟೆಗೆ 30 ಮಿ.ಮೀ. ದಾಟಿದರೆ ಆಂಬರ್, 50ಕ್ಕೆ ಕೆಂಪು, 70ಕ್ಕೆ ಕಪ್ಪು ಎಚ್ಚರಿಕೆ. ಗುಡುಗಿದರೆ ಬಯಲಲ್ಲಿರೋ ರೈಡ್ ನಿಲ್ಲಿಸ್ತಾರೆ.

ಬಿಡದಿ ಬಾಯ್
ಬಿಡದಿಲಿ ಗೆರೆ 140. ಅದನ್ನೂ ಬರೀರಿ, ಇಲ್ಲದಿದ್ರೆ ಮುಚ್ಚಿಟ್ಟೆ ಅಂತಾರೆ.

ಮಲ್ಲೇಶ್ವರ 18ನೇ ಅಡ್ಡರಸ್ತೆ
ಆ ಬಕೆಟ್ ಒಂದು ಅಸಲಿಗೆ ಪ್ಲಸ್ ನೂರೈವತ್ತಕ್ಕೆ ಕೊಡ್ತೀರಾದ್ರೆ ಹೇಳಿ. ಬಣ್ಣ ಕಿತ್ತಿರಬಾರದು.

ಕುಕ್ಕಿ ಆ್ಯನ್ ಅಭಿಮಾನಿ
ನಾನೂರು. ಮಾರ್ಕಪ್ 4,130ರ ಲೆಕ್ಕ ಮೇಲಿದೆ, ಓದ್ಕೊಂಡು ಬನ್ನಿ.