ಪದಚರ್ಚೆ: ‘ಕೆಂಪು ಜೇಡ ನುಸಿ’ ಒಂದೇ ಪ್ರಭೇದದ ಹೆಸರಾಗಬಲ್ಲದೆ?

ಮಾನ್ಯರೆ,

ತರಕಾರಿ ಬೆಳೆಗಾರರ ಕೈಪಿಡಿಯೊಂದರ ಕನ್ನಡವನ್ನು ತಿದ್ದುತ್ತಿರುವಾಗ ‘ಕೆಂಪು ಜೇಡ ನುಸಿ’ ಎಂಬಲ್ಲಿ ಸಿಕ್ಕಿಕೊಂಡಿದ್ದೇನೆ. ಬದನೆ, ಬೆಂಡೆ, ಟೊಮೆಟೊ ಎಲೆಗಳ ಅಡಿಯಲ್ಲಿ ನವಿರಾದ ಬಲೆ ನೇಯ್ದು ರಸ ಹೀರುವ, ಸುಮಾರು ಅರ್ಧ ಮಿಲಿಮೀಟರ್ ಉದ್ದದ ಜೀವಿಯನ್ನು ಹೀಗೆ ಕರೆಯುವುದು ರೂಢಿ.

‘ನುಸಿ’ಯ ಬಗ್ಗೆ ನನಗೆ ತಕರಾರಿಲ್ಲ. ದವಸಕ್ಕೆ ಹಿಡಿಯುವುದೂ ನುಸಿ, ಸಂಜೆ ಕಣ್ಣಿಗೆ ಮುತ್ತುವುದೂ ನುಸಿ, ಬಟ್ಟೆಯ ಪೆಟ್ಟಿಗೆಗೆ ಹಾಕುವುದು ನುಸಿಗುಳಿಗೆ. ಆದರೂ 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ನಮ್ಮ ತೆಂಗಿಗೂ ಹಬ್ಬಿದ ನುಸಿಪೀಡೆಯಿಂದಾಗಿ, ಕೀಟವಲ್ಲದ ಈ ಎಂಟು ಕಾಲಿನ ಜೀವಿಗೆ ಆ ಪದ ರೈತರ ಬಾಯಲ್ಲಿ ಗಟ್ಟಿಯಾಗಿ ನಿಂತಿದೆ. ಬಿಡಿಸಿ ಬರೆದಾಗ ಕೆಂಪಾಗಿರುವುದು ಜೇಡವೋ ನುಸಿಯೋ ತಿಳಿಯದಿರುವುದರಿಂದ ‘ಜೇಡನುಸಿ’ ಎಂದು ಕೂಡಿಸಿಯೇ ಬರೆಯಬೇಕು.

ನಿಜವಾದ ತೊಡಕು ‘ಕೆಂಪು’ ಎಂಬ ವಿಶೇಷಣದ್ದು. 1836ರಲ್ಲಿ ಜರ್ಮನ್ ಪ್ರಾಣಿಶಾಸ್ತ್ರಜ್ಞ ಕೋಖ್ ಹೆಸರಿಸಿದ ಟೆಟ್ರಾನಿಕಸ್ ಅರ್ಟಿಕೆ ಎಂಬ ಜೇಡನುಸಿ ಸಾಮಾನ್ಯವಾಗಿ ಹಸಿರು ಮಿಶ್ರಿತ ಹಳದಿ. ಅದರ ಎರಡು ಪಕ್ಕಗಳಲ್ಲಿ ಒಂದೊಂದು ಕಪ್ಪು ಮಚ್ಚೆ ಇರುತ್ತದೆ. ಕೆಂಪಾಗಿರುವುದನ್ನು 1867ರಲ್ಲಿ ಫ್ರೆಂಚ್ ಕೀಟಶಾಸ್ತ್ರಜ್ಞ ಬ್ವಾದುವಾಲ್ ಸಿನ್ನಬರಿನಸ್, ಅಂದರೆ ಇಂಗಳೀಕದ ಬಣ್ಣದ್ದು, ಎಂದು ಬೇರೆಯಾಗಿ ಹೆಸರಿಸಿದರು. ಇವೆರಡೂ ಬೇರೆಯೋ ಒಂದೆಯೋ ಎಂಬ ವಾದ ಬಹುಕಾಲ ನಡೆದು, ಅವು ಒಂದೇ ಪ್ರಭೇದದ ಎರಡು ಬಣ್ಣಗಳೆಂದು 2013ರ ಅಧ್ಯಯನವೊಂದು ತೋರಿಸಿತು. ಚಳಿನಾಡುಗಳಲ್ಲಂತೂ ಹಗಲು ಕಿರಿದಾದಾಗ ಹಸಿರು ಬಗೆಯ ಹೆಣ್ಣುಗಳೇ ಕಿತ್ತಳೆಗೆಂಪಾಗಿ ಸುಪ್ತಸ್ಥಿತಿಗೆ ಹೋಗುತ್ತವೆ. ಇತ್ತ ನಮ್ಮ ಹೊಲಗಳಲ್ಲಿಯೂ ಕಾಣುವ, ಅದೇ ಟೆಟ್ರಾನಿಕಸ್ ಕುಲದ ಲುಡೆನಿ, ಮ್ಯಾಕ್‌ಫಾರ್ಲೇನಿ ಪ್ರಭೇದಗಳ ಹೆಣ್ಣುಗಳೂ ಕೆಂಪೇ. ಚಹಾ ತೋಟದ ‘ಕೆಂಪು ಜೇಡನುಸಿ’ಯಾದ ಆಲಿಗೊನಿಕಸ್ ಕಾಫಿಯೆ ಬೇರೊಂದು ಕುಲದ್ದು. ಹೀಗೆ ಈ ವಿಶೇಷಣ ಒಂದೇ ಪ್ರಭೇದವನ್ನು ಎರಡಾಗಿ ಒಡೆಯುತ್ತದೆ, ಹಲವನ್ನು ಒಂದರಲ್ಲಿ ತುರುಕುತ್ತದೆ.

ತಜ್ಞರು ಬಣ್ಣವನ್ನು ನಂಬುವುದಿಲ್ಲ. ಹೆಣ್ಣಿಗಿಂತ ಚಿಕ್ಕದಾದ, ಹಿಂಬದಿ ಚೂಪಾದ ಗಂಡನ್ನು ಗಾಜಿನ ಪಟ್ಟಿಯ ಮೇಲೆ ಸರಿಯಾಗಿ ಪಕ್ಕಕ್ಕೆ ಹೊರಳಿಸಿ, ಅದರ ಶಿಶ್ನದ ತುದಿಯ ಉಬ್ಬು ಯಾವ ಆಕಾರದ್ದು, ಅದರ ಮೊನೆಗಳು ಎತ್ತ ಚಾಚಿವೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಬರಿಯ ಹೆಣ್ಣುಗಳು ಸಿಕ್ಕರೆ ಹತ್ತಿರದ ಪ್ರಭೇದಗಳನ್ನು ಹೀಗೆ ಬೇರ್ಪಡಿಸಲಾಗದು. ರೈತರ ಕೈಪಿಡಿಯಲ್ಲಿ ಇದಕ್ಕೆ ಅವಕಾಶವಿಲ್ಲ, ಸರಿ. ಆದರೆ ‘ಕೆಂಪು’ ಎಂದು ಓದಿದವರು ಹಸಿರು ನುಸಿಯನ್ನು ಕಂಡು ಇದು ಬೇರೆಯೆಂದು ಸುಮ್ಮನಾಗಬಾರದಲ್ಲ.

ಇಮ್ಮಡಿ, ಇಕ್ಕೆಲಗಳ ಜಾಡಿನಲ್ಲಿ ಅರ್ಟಿಕೆಗೆ ‘ಇಚ್ಚುಕ್ಕಿ ಜೇಡನುಸಿ’ ಎಂದು ಹೆಸರಿಟ್ಟು, ‘ಕೆಂಪು’, ‘ಹಸಿರು’ಗಳನ್ನು ಅದರ ಬಗೆಗಳಿಗೆ ಮಾತ್ರ ಉಳಿಸಬೇಕೆಂಬುದು ನನ್ನ ಯೋಚನೆ. ಆ ಚುಕ್ಕಿಗಳು ಒಳಗಿನ ಆಹಾರ ಚರ್ಮದ ಮೂಲಕ ಕಾಣುವುದಷ್ಟೇ ಆದ್ದರಿಂದ ಆಗತಾನೆ ಪೊರೆ ಕಳಚಿದವುಗಳಲ್ಲಿ ಅವು ಇರುವುದಿಲ್ಲ. ಈ ಹೆಸರೂ ಪೂರ್ತಿ ನಿರ್ದುಷ್ಟವಲ್ಲ. ಕೇಳಬೇಕಾದದ್ದು ಎರಡು: ‘ಇಚ್ಚುಕ್ಕಿ’ ಓದುಗರಿಗೆ ತಟ್ಟನೆ ಅರ್ಥವಾದೀತೆ, ಅಥವಾ ‘ಎರಡು ಚುಕ್ಕಿಯ’ ಎಂದೇ ಬಿಡಿಸಿ ಬರೆಯುವುದು ಲೇಸೆ? ಒಂದು ಪ್ರಭೇದದೊಳಗಿನ ಬಣ್ಣದ ವ್ಯತ್ಯಾಸಕ್ಕೆ ‘ಬಗೆ’ ಸಾಕೆ, ಇಲ್ಲವೆ ‘ರೂಪ’ ಎನ್ನಬೇಕೆ? ‘ತಳಿ’ ಎಂದರೆ ಬೆಳೆಯ ತಳಿಯೇ ನೆನಪಾಗುವುದರಿಂದ ಅದನ್ನು ನಾನು ಬದಿಗಿಟ್ಟಿದ್ದೇನೆ.