ಸಹಾಯ ಬೇಕು: ಸ್ಟೀರಿಂಗ್ ಬದಲಿಸಿದ ಮೇಲೆ ತಿರುವಿನಲ್ಲಿ ಹಾರ್ನ್ ಬರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮಡಿಕೇರಿ ಹತ್ತಿರ. ಗಾಡಿ ಹಳೇ ಮಾರುತಿ ಜಿಪ್ಸಿ, ಏರ್‌ಬ್ಯಾಗ್ ಇಲ್ಲದ್ದು. ಅದಕ್ಕೆ ಬಾಸ್ ಕಿಟ್ (ಬೇರೆ ಸ್ಟೀರಿಂಗ್ ಕೂರಿಸಲು ನಡುವೆ ಹಾಕುವ ಅಡಾಪ್ಟರ್) ಹಾಕಿ ಹೊರಗಿನ ಸ್ಟೀರಿಂಗ್ ಕೂರಿಸಿದ್ದೇವೆ. ಗಾಡಿ ನೇರ ಇದ್ದಾಗ ಹಾರ್ನ್ ಚೆನ್ನಾಗಿಯೇ ಬಡಿಯುತ್ತದೆ. ಸ್ಟೀರಿಂಗ್ ಅರ್ಧ ಸುತ್ತು ತಿರುಗಿಸಿದರೆ ಸಾಕು, ಎಷ್ಟು ಒತ್ತಿದರೂ ಸದ್ದಿಲ್ಲ. ಸಂಪಾಜೆ ಘಾಟಿಯಲ್ಲಿ ಹಾರ್ನ್ ಬೇಕಾಗುವುದೇ ತಿರುವಿನಲ್ಲಿ ಅಲ್ವಾ? ಮಳೆ, ಮಂಜು ಬೇರೆ. ನಿಜವಾಗಿಯೂ ಭಯವಾಗುತ್ತಿದೆ.

ಫ್ಯೂಸ್ ಸರಿಯಿದೆ, ರಿಲೇ ಬದಲಿಸಿ ನೋಡಿದೆ. ಹಾರ್ನ್‌ಗೆ ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟರೆ ಬಡಿಯುತ್ತದೆ. ಸ್ಟೀರಿಂಗ್ ತಿರುಗಿಸಿ ಹಿಡಿದು, ಹಾರ್ನ್ ಬಟನ್‌ಗೆ ಬರುವ ವೈರನ್ನು ಇನ್ನೊಂದು ವೈರಿನಿಂದ ಗಾಡಿಯ ಲೋಹದ ಮೈಗೆ (ಬಾಡಿ) ಮುಟ್ಟಿಸಿದೆ. ಆಗಲೂ ಬಡಿಯಿತು. ಹಾಗಾದರೆ ತಿರುಗುವ ಸ್ಟೀರಿಂಗ್‌ಗೆ ಹಾರ್ನ್ ಕರೆಂಟ್ ದಾಟಿಸುವ, ಬಾಸ್ ಹಿಂದಿನ ತಾಮ್ರದ ರಿಂಗ್, ಅದಕ್ಕೆ ತಾಗುವ ಸ್ಪ್ರಿಂಗ್ ಪಿನ್ ಎರಡೂ ಸರಿ ಇವೆ ಎಂದಾಯಿತು. ಆಮೇಲೆ ಮಲ್ಟಿಮೀಟರಿನ ಒಂದು ತುದಿಯನ್ನು ಸ್ಟೀರಿಂಗ್ ನಡುವಿನ ನಟ್‌ಗೆ, ಇನ್ನೊಂದನ್ನು ಗಾಡಿಯ ಮೈಗೆ ಹಿಡಿದೆ. ನೇರ ಇದ್ದಾಗ ಬೀಪ್, ತಿರುಗಿಸಿದ ಕೂಡಲೇ ಬೀಪ್ ನಿಂತಿತು. ಅಂದರೆ ಸ್ಟೀರಿಂಗ್ ಕೂತಿರುವ ಶಾಫ್ಟ್‌ಗೇ ಅರ್ಥ್ (ಬಟನ್ ಒತ್ತಿದಾಗ ಕರೆಂಟ್ ಗಾಡಿಯ ಮೈ ಮೂಲಕ ಬ್ಯಾಟರಿಗೆ ಮರಳುವ ದಾರಿ) ಸಿಗುತ್ತಿಲ್ಲ.

ಗೊಂದಲ ಇಲ್ಲೇ. ಹಳೇ ಸ್ಟೀರಿಂಗ್ ಇದ್ದಾಗಲೂ ಅರ್ಥ್ ಇದೇ ಶಾಫ್ಟ್‌ನಿಂದ ಬರುತ್ತಿತ್ತು, ಆಗ ಈ ತೊಂದರೆ ಇರಲಿಲ್ಲ. ಕುಶಾಲನಗರದ ಎಲೆಕ್ಟ್ರಿಷಿಯನ್ ಬಟನ್‌ನಿಂದ ಡ್ಯಾಶ್‌ಬೋರ್ಡಿಗೆ ವೈರ್ ಎಳೆಯೋಣ ಅಂದರು. ಸ್ಟೀರಿಂಗ್ ಸುತ್ತಿದಂತೆ ಅದೂ ಸುತ್ತಿಕೊಳ್ಳುತ್ತದೆ, ಹಾಗಾಗಿ ಬೇಡ ಅಂದೆ.

ಶಾಫ್ಟ್‌ನ ಕೆಳಗಿನ ರಬ್ಬರ್ ಕಪ್ಲಿಂಗ್‌ನ (ರಬ್ಬರ್ ಜೋಡಣೆ, ಅದರಲ್ಲಿ ಕರೆಂಟ್ ದಾಟುವುದಿಲ್ಲ) ಎರಡೂ ಬದಿಗೆ ಒಂದು ಅರ್ಥ್ ಪಟ್ಟಿ ಜೋಡಿಸಿದರೆ ಸರಿಹೋಗುತ್ತದೆಯೇ? ಅಥವಾ ಮೊದಲು ಶಾಫ್ಟ್ ತಿರುಗುವ ಕಾಲಮ್ ಬೇರಿಂಗ್ ನೋಡಬೇಕೇ? ಜಿಪ್ಸಿಯಲ್ಲಿ ಈ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.